ಗುಡ್ಡದ ಗಾಳಿ ಉಳೀತು, ಒಲಿ ಮುಂದಿನ ಗಾಳಿ ಕಾಯೋರು ಯಾರು?

ಗದಗ: ಕಪ್ಪತಗುಡ್ಡದ ಗಾಳಿ ಅಂದರೆ ಈ ಭಾಗದ ಜನರಿಗೆ ಒಂದು ಅಭಿಮಾನ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿಕೊಂಡ ಈ ಗುಡ್ಡಕ್ಕಾಗಿ ಜನ ಬೀದಿಗೆ ಇಳಿದಿದ್ದಾರೆ, ಗೆದ್ದೂ ಇದ್ದಾರೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಗೆ ಪೋಸ್ಕೋ ಉಕ್ಕಿನ ಕಾರಖಾನೆ ಬರುತ್ತದೆ ಎಂದಾಗ ರೈತರು ಎದ್ದು ನಿಂತರು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾಳಾದರು. 2013ರಲ್ಲಿ ಕಂಪನಿಯು ಕರ್ನಾಟಕದ ಯೋಜನೆಯನ್ನೇ ಕೈಬಿಟ್ಟಿತು. ಗುಡ್ಡದ ಸಲುವಾಗಿ ಮತ್ತೆ ಹೋರಾಟವಾಯಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವೆಂದು ಘೋಷಣೆಯಾಯಿತು.

ಬಹಳ ಒಳ್ಳೆಯದಾಯಿತು. ಆದರೆ ಒಂದು ಪ್ರಶ್ನೆ ಉಳಿದೇ ಇದೆ. ಗುಡ್ಡದ ಗಾಳಿಗೆ ಇಷ್ಟು ಹೋರಾಡಿದ ಜನ ತಮ್ಮ ಅಡಿಗೆಮನೆಯ ಗಾಳಿಗೆ ಎಷ್ಟು ಹೋರಾಡಿದ್ದಾರೆ? ನಸುಕಿನಲ್ಲಿ ಹತ್ತಿಕಟ್ಟಿಗೆ, ಕುಳ್ಳು ಹಚ್ಚಿ ಊದುಗೊಳವಿ ಹಿಡಿದು ಕುಂತ ಅವ್ವನ ಕಣ್ಣಾಗಿನ ನೀರು ಯಾವ ಮೆರವಣಿಗೆಯಲ್ಲಿ ಬಂದಿದೆ? ಸಂಜೀಕೆ ಬಜಾರದಾಗ ಕುದಿಯುವ ಎಣ್ಣೆಯ ಮುಂದೆ ಐದು ತಾಸು ನಿಂತು ಮಿರ್ಚಿ ಕರಿಯುವವನ ಎದೆಯ ಸುದ್ದಿ ಯಾವ ಮನವಿಪತ್ರದಲ್ಲಿದೆ?

ಕಣ್ಣು ಉರಿಯುವುದು, ಗಂಟಲು ಕೆರೆಯುವುದು, ಕೆಮ್ಮು ಬರುವುದು, ಇವೆಲ್ಲಾ "ಹೊಗಿ ಅಂದಮ್ಯಾಲೆ ಇರೂದ ಬಿಡ್ರಿ" ಎಂದು ಹೇಳಿ ಮುಗಿಸುವ ಮಾತುಗಳಾಗಿವೆ. ಆದರೆ ಆ ಉರಿಯ ಹಿಂದೆ ಒಂದು ವಿಷದ ಮನೆತನವಿದೆ. ಅದು ಕಣ್ಣಿನಲ್ಲೇ ನಿಲ್ಲುವುದಿಲ್ಲ. ದೇಹದ ಕಣಕಣದೊಳಗಿನ ಡಿ.ಎನ್.ಎ. ಎಂಬ ಎಳೆಯ ತನಕ ಕೈ ಹಾಕುತ್ತದೆ ಎಂಬುದು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ವಿಜ್ಞಾನಿಗಳು ಚೆನ್ನಾಗಿ ತೋರಿಸಿಕೊಟ್ಟ ಸಂಗತಿ. ಆ ಮನೆತನದ ಹೆಸರು ಆಲ್ಡಿಹೈಡ್.

ಹೆಸರು ದೊಡ್ಡದು, ಸರಕು ಸಣ್ಣದು

ಹೆಸರು ಕೇಳಿ ಹೆದರಬೇಕಾಗಿಲ್ಲ. ಇದು ಪ್ರಯೋಗಶಾಲೆಯ ಕಪಾಟಿನಲ್ಲಷ್ಟೇ ಇರುವ ವಸ್ತುವಲ್ಲ. ಕಟ್ಟಿಗೆ ಸುಟ್ಟರೆ, ಎಣ್ಣೆ ಕಾಯಿಸಿದರೆ, ಬೀಡಿ ಸೇದಿದರೆ, ಸೆರೆ ಕುಡಿದರೆ ಇದು ಹುಟ್ಟುತ್ತದೆ. ಈ ಮನೆತನದ ಮೂವರನ್ನು ಮಾತ್ರ ಗುರುತಿಟ್ಟುಕೊಂಡರೆ ಸಾಕು.

ಮೊದಲನೆಯದು ಫಾರ್ಮಾಲ್ಡಿಹೈಡ್. ಎಲ್ಲಕ್ಕಿಂತ ಚಿಕ್ಕದು. ಇದನ್ನು ನೀರಿನಲ್ಲಿ ನೂರಕ್ಕೆ ಸುಮಾರು 37ರಿಂದ 40ರಷ್ಟು ಕರಗಿಸಿದರೆ ಫಾರ್ಮಾಲಿನ್ ಆಗುತ್ತದೆ. ಸತ್ತ ಪ್ರಾಣಿಯನ್ನು ಕೊಳೆಯದಂತೆ ಗಾಜಿನ ಭರಣಿಯಲ್ಲಿಡುವ ನೀರು ಇದೇ. ಎರಡನೆಯದು ಅಸಿಟಾಲ್ಡಿಹೈಡ್. ಕುಡಿದ ಸೆರೆ ದೇಹದೊಳಗೆ ಹೋಗಿ ಮೊದಲು ಆಗುವುದು ಇದೇ. ಮೂರನೆಯದು ಅಕ್ರೋಲಿನ್. ಕಡಾಯಿಯ ಎಣ್ಣೆ ಸುಟ್ಟಾಗ ಮೂಗಿಗೆ ಗಪ್ಪನೆ ಹೊಡೆದು ಕಣ್ಣಲ್ಲಿ ನೀರು ತರುವ ಕಟು ವಾಸನೆಯಿದೆಯಲ್ಲ, ಅದರ ಮುಖ್ಯ ಒಡೆಯ ಇದೇ.

ಮೂವರ ಗುಣ ಒಂದೇ. ಅಂಟಿಕೊಳ್ಳುವುದು. ಯಾವುದು ಸಿಕ್ಕರೂ ಅದಕ್ಕೆ ಅಂಟುವುದು, ಎರಡು ಸಿಕ್ಕರೆ ಎರಡನ್ನೂ ಕೂಡಿಸಿ ಅಂಟಿಸುವುದು. ಪ್ಲಾಯ್‌ವುಡ್ ಹಲಗೆಯ ಪದರುಗಳನ್ನು ಹಿಡಿದಿಡುವ ಅಂಟಿಗೆ ಫಾರ್ಮಾಲ್ಡಿಹೈಡ್ ಬಳಸುವುದು ಇದೇ ಗುಣಕ್ಕಾಗಿ. ಹಲಗೆಗೆ ಬೇಕಾದ ಗುಣ ದೇಹಕ್ಕೆ ಕೇಡು.

ಬೆಟಗೇರಿಯ ಎಳೆ, ದೇಹದ ಎಳೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ಇದನ್ನು ತಿಳಿಸಿಕೊಡುವುದು ಸುಲಭ. ಹಾಸಿನ ನೂಲಿಗೆ ಗಂಜಿ ಹಾಕಿ ಒಣಗಿಸುವಾಗ ಎಳೆ ಎಳೆ ಬೇರೆ ಮಾಡದೆ ಬಿಟ್ಟರೆ ಏನಾಗುತ್ತದೆ? ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಮಗ್ಗದ ಮೇಲೆ ಏರಿಸಿದಾಗ ಅಂಟಿದ ಜಾಗದಲ್ಲಿ ಎಳೆ ಹರಿಯುತ್ತದೆ. ಹರಿದದ್ದನ್ನು ಗಂಟು ಹಾಕಬಹುದು. ಆದರೆ ಗಂಟು ತಪ್ಪಿದರೆ ಸೀರೆಯ ಚಿತ್ತಾರವೇ ತಪ್ಪುತ್ತದೆ.

ಡಿ.ಎನ್.ಎ.ಯ ಕತೆಯೂ ಇದೇ. ದೇಹದ ಒಂದೊಂದು ಜೀವಕಣದೊಳಗೂ ಸುಮಾರು 2 ಮೀಟರ್ ಉದ್ದದ ಎಳೆ ಸುತ್ತಿಟ್ಟಿದೆ. ಎರಡೆಳೆಯ ಹುರಿ ಅದು. ಅದರ ಮೇಲೆ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ, ಸುಮಾರು 600 ಕೋಟಿ ಅಕ್ಷರಜೋಡಿಗಳಷ್ಟು ಉದ್ದಕ್ಕೆ, ದೇಹ ಹೇಗೆ ನಡೆಯಬೇಕೆಂಬ ಲೆಕ್ಕ ಬರೆದಿದೆ. ಒಂದು ಕಣ ಎರಡಾಗಬೇಕಾದರೆ ಈ ಹುರಿ ಬಿಚ್ಚಬೇಕು, ಎರಡೂ ಎಳೆಯ ನಕಲು ತೆಗೆಯಬೇಕು.

ಆಲ್ಡಿಹೈಡ್ ಅಲ್ಲಿ ಸೇರಿತೆಂದರೆ ಎರಡು ಬಗೆಯ ಕೇಡು ಮಾಡುತ್ತದೆ. ಹುರಿಯ ಎರಡೆಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆಗ ಹುರಿ ಬಿಚ್ಚುವುದಿಲ್ಲ. ಇಲ್ಲವೇ ಪಕ್ಕದಲ್ಲಿದ್ದ ಪ್ರೋಟೀನನ್ನು ಎಳೆಗೆ ಅಂಟಿಸಿಬಿಡುತ್ತದೆ. ಆಗ ನಕಲು ತೆಗೆಯುವ ಯಂತ್ರ ಅಲ್ಲಿಗೆ ಬಂದು ಸಿಕ್ಕಿಬೀಳುತ್ತದೆ. ಹಳಿಯ ಮೇಲೆ ಬಂಡೆ ಬಿದ್ದ ಹಾಗೆ. ಗಾಡಿ ಮುಂದೆ ಹೋಗಲಾರದು, ಹಿಂದೆ ಬರಲಾರದು. ಎಳೆ ಹರಿಯುತ್ತದೆ. ಹರಿದ ತುದಿ ತಪ್ಪಾಗಿ ಕೂಡಿದರೆ ಅಕ್ಷರ ಅದಲುಬದಲು. ಅಂಥ ತಪ್ಪುಗಳು ಒಂದರ ಮೇಲೊಂದು ಕೂಡಿ, ಬೆಳೆಯಬೇಡವೆಂದರೂ ಬೆಳೆಯುವ ಕಣ ಹುಟ್ಟಿದರೆ ಅದಕ್ಕೆ ಕ್ಯಾನ್ಸರ್ ಎಂದು ಹೆಸರು.

ಇದು ಒಂದು ದಿನದ ಕೆಲಸವಲ್ಲ. ಇವತ್ತು ಹೊಗೆ ಕುಡಿದವನಿಗೆ ನಾಳೆ ರೋಗ ಎಂದಲ್ಲ. ಹತ್ತು, ಇಪ್ಪತ್ತು, ಮೂವತ್ತು ವರ್ಷದ ಲೆಕ್ಕ. ಅದಕ್ಕೇ ಯಾರೂ ಲೆಕ್ಕ ಇಡುವುದಿಲ್ಲ.

ದೇಹಕ್ಕೂ ಕಾವಲುಗಾರರಿದ್ದಾರೆ

ಹಾಗಾದರೆ ಎಲ್ಲರೂ ಯಾಕೆ ಬೀಳುವುದಿಲ್ಲ? ದೇಹ ಬಡವನಲ್ಲ. ಅದಕ್ಕೆ ಎರಡು ಸಾಲು ಕಾವಲಿದೆ. ಮೊದಲ ಸಾಲಿನ ಕಾವಲುಗಾರರು ಆಲ್ಡಿಹೈಡನ್ನು ಹಿಡಿದು ನಿರುಪದ್ರವಿ ವಸ್ತುವಾಗಿ ಮಾರ್ಪಡಿಸುವ ಕಿಣ್ವಗಳು. ಎರಡನೆಯ ಸಾಲಿನವರು, ಆದ ಹಾನಿಯನ್ನು ಕತ್ತರಿಸಿ ತೆಗೆದು ಎಳೆಯನ್ನು ಮತ್ತೆ ನೇಯುವ ರಿಪೇರಿ ಕೆಲಸದವರು. ಈ ಕಾವಲು ಸುಮ್ಮನೆ ಇಟ್ಟದ್ದಲ್ಲ. ಹೊರಗಿನ ಹೊಗೆ ಇರದಿದ್ದರೂ ದೇಹ ತನ್ನ ದಿನದ ಕೆಲಸದಲ್ಲೇ ಸ್ವಲ್ಪ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಒಳಗಿನ ಕಸ ಗುಡಿಸುವುದೇ ಅವರ ನಿತ್ಯದ ಕೆಲಸ. ಅದರ ಮೇಲೆ ನಾವು ಹೊರಗಿನ ಕಸವನ್ನೂ ತಂದು ಸುರಿಯುತ್ತೇವೆ.

ಕಾವಲು ಮುರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹುಟ್ಟುರೋಗ ಸಾಕ್ಷಿಯಾಗಿದೆ. 1927ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೋ ಫಾಂಕೋನಿ ಅದನ್ನು ಬಣ್ಣಿಸಿದ್ದರಿಂದ ಫಾಂಕೋನಿ ಅನೀಮಿಯಾ ಎಂದು ಹೆಸರು. ಈ ಮಕ್ಕಳಲ್ಲಿ ಎರಡನೆಯ ಸಾಲಿನ ರಿಪೇರಿ ಕೆಲಸ ನಡೆಯುವುದಿಲ್ಲ. ಎಲುಬಿನ ಮಜ್ಜೆ ಬತ್ತುತ್ತದೆ, ರಕ್ತ ಹುಟ್ಟುವುದು ನಿಲ್ಲುತ್ತದೆ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬೆನ್ನು ಹತ್ತುತ್ತದೆ. ಇವರ ಎಳೆಗೆ ಪೆಟ್ಟು ಕೊಡುವವರು ಯಾರು ಎಂಬುದು ಬಹುಕಾಲ ಒಗಟಾಗಿತ್ತು. 2011ರಲ್ಲಿ ಕೇಂಬ್ರಿಜ್‌ನ ಕೇತನ್ ಪಟೇಲ್ ಅವರ ತಂಡ ಇಲಿಗಳಲ್ಲಿ ಪ್ರಯೋಗ ಮಾಡಿ, ದೇಹದಲ್ಲೇ ಹುಟ್ಟುವ ಆಲ್ಡಿಹೈಡುಗಳೇ ಆ ಪೆಟ್ಟು ಕೊಡುತ್ತವೆಂದು ತೋರಿಸಿತು. 2018ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೊದಲ ಸಾಲಿನ ಕಾವಲಿಲ್ಲದ ಇಲಿಗಳಿಗೆ ಆಲ್ಕೋಹಾಲು ಕೊಟ್ಟಾಗ, ಕಾವಲಿದ್ದ ಇಲಿಗಳಿಗಿಂತ ನಾಲ್ಕು ಪಟ್ಟು ಡಿ.ಎನ್.ಎ. ಹಾನಿ ಕಂಡಿತು. ರಕ್ತ ಹುಟ್ಟಿಸುವ ಮೂಲಕಣಗಳಲ್ಲೇ ಎಳೆ ಹರಿದು ಅಸ್ತವ್ಯಸ್ತವಾಗಿತ್ತು.

ಇಲಿಯ ಮಾತು ಇಲಿಗೆ, ಮನುಷ್ಯನಿಗೇನು ಎನ್ನುವವರಿಗೂ ಉತ್ತರವಿದೆ. 2020ರಲ್ಲಿ ಜಪಾನಿನ ಕೆಲ ಮಕ್ಕಳಲ್ಲಿ ಫಾರ್ಮಾಲ್ಡಿಹೈಡ್ ಹಿಡಿಯುವ ಎರಡು ಕಾವಲುಗಾರರೂ ಕೆಟ್ಟಿರುವುದು ಪತ್ತೆಯಾಯಿತು. ಆ ಮಕ್ಕಳು ಎತ್ತರ ಬೆಳೆದಿರಲಿಲ್ಲ, ಬುದ್ಧಿ ಬೆಳವಣಿಗೆ ಕುಂಠಿತವಾಗಿತ್ತು, ರಕ್ತ ಹುಟ್ಟುವುದು ಕೆಟ್ಟಿತ್ತು.

ಇಲ್ಲಿ ನಮ್ಮ ಭಾಗದವರು ಗಮನಿಸಬೇಕಾದ ಒಂದು ಮಾತುಂಟು. ಫಾಂಕೋನಿಯಂಥ ರೋಗ ಸಾಮಾನ್ಯವಾಗಿ ತಂದೆ-ತಾಯಿ ಇಬ್ಬರ ಕಡೆಯಿಂದಲೂ ಅದೇ ದೋಷ ಬಂದರೆ ಮಾತ್ರ ಮಗುವಿಗೆ ಬರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗಳನ್ನು ಮಾಡಿಕೊಳ್ಳುವುದು ನಮ್ಮಲ್ಲಿ ಹಳೆಯ ಪದ್ಧತಿ. "ಹೊಲಾ ಹೊರಗ ಹೋಗಬಾರದು, ಹುಡುಗಿ ಕಣ್ಣಮುಂದ ಇರಬೇಕು" ಎಂಬುದು ಹಿರಿಯರ ಲೆಕ್ಕ. ಆದರೆ ಒಂದೇ ಮನೆತನದಲ್ಲಿ ಒಂದೇ ದೋಷ ಇಬ್ಬರಲ್ಲೂ ಅಡಗಿರುವ ಸಂಭವ ಹೆಚ್ಚು. ಮಗು ಬಿಳಿಚಿಕೊಂಡಿದೆ, ಮೈಮೇಲೆ ನೀಲಿ ಕಲೆ ಏಳುತ್ತವೆ, ಹೆಬ್ಬೆರಳು ಹುಟ್ಟಿನಿಂದ ಸರಿಯಿಲ್ಲ, ಬೆಳವಣಿಗೆ ಇಲ್ಲ ಎಂದಾದರೆ ತಾಯತ ಕಟ್ಟಿ ಕುಳಿತುಕೊಳ್ಳದೆ ಮಕ್ಕಳ ಡಾಕ್ಟರರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸುವುದು ಉತ್ತಮ.

ಒಲಿ ಮುಂದ ಕುಂತ ಅವ್ವ

ಈಗ ಮನೆಗೆ ಬರೋಣ. ಗ್ಯಾಸು ಬಂದಿದೆ, ನಿಜ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಹಳ್ಳಿಹಳ್ಳಿಗೆ ಸಿಲಿಂಡರು ಹೋಗಿದೆ. ಆದರೆ ಸಿಲಿಂಡರು ಮನೆಗೆ ಬಂದಿತೆಂದರೆ ಒಲೆ ಆರಿತೆಂದು ಅರ್ಥವಲ್ಲ. ಚಹಾಕ್ಕೆ ಗ್ಯಾಸು, ರೊಟ್ಟಿಗೆ ಕಟ್ಟಿಗೆ. ಸಾರಿಗೆ ಗ್ಯಾಸು, ಬಚ್ಚಲ ಹಂಡೇದ ನೀರಿಗೆ ಹತ್ತಿಕಟ್ಟಿಗೆ. "ಸಿಲಿಂಡರ ಎರಡು ತಿಂಗಳ ಬರಬೇಕ್ರೀ, ಎಲ್ಲಾದಕ್ಕೂ ಹಚ್ಚಿದ್ರ ಹೆಂಗ?" ಎಂಬುದು ಮನೆವಾರ್ತೆ ನಡೆಸುವ ಹೆಣ್ಣುಮಕ್ಕಳ ಲೆಕ್ಕ. ಅದು ತಪ್ಪು ಲೆಕ್ಕವೂ ಅಲ್ಲ. ಹೊಲದಾಗ ಹತ್ತಿಕಟ್ಟಿಗೆ ಪುಕ್ಕಟೆ ಬಿದ್ದಿರುವಾಗ ಸಿಲಿಂಡರಿಗೆ ಯಾರು ರೊಕ್ಕ ಸುರಿದಾರು?

ಕಟ್ಟಿಗೆ ಹೊಗೆಯಲ್ಲಿ ಮೇಲೆ ಹೇಳಿದ ಮೂವರೂ ಇದ್ದಾರೆ. ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್. ಕಟ್ಟಿಗೆ ಹಸಿಯಾಗಿದ್ದರೆ, ಉರಿ ಏಳದೆ ಬರೇ ಹೊಗೆಯಾಡಿದರೆ ಇವುಗಳ ಪಾಲು ಹೆಚ್ಚು. ಕಣ್ಣಲ್ಲಿ ನೀರು ಬರುವುದು ಮುಖ್ಯವಾಗಿ ಇಂಥವುಗಳಿಂದಲೇ. ಅಂದರೆ ಕಣ್ಣೀರು ದೇಹ ಬಾರಿಸುವ ಗಂಟೆ. ಅದನ್ನು ಸೆರಗಿನಿಂದ ಒರೆಸಿ ಮತ್ತೆ ಊದುಗೊಳವಿ ಹಿಡಿಯುವುದು ರೂಢಿಯಾಗಿಬಿಟ್ಟಿದೆ.

ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗಿನ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಅರ್ಧ ತಾಸಿನ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎಂದು 2010ರಲ್ಲಿ ಮಿತಿ ಹಾಕಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ಅದೇ ಸಂಸ್ಥೆಯ ಅಂದಾಜು. ಎಲ್ಲವೂ ಆಲ್ಡಿಹೈಡ್‌ನಿಂದಲ್ಲ. ಸಣ್ಣ ಕರಿದೂಳು, ಇತರ ವಿಷಗಳೂ ಅದರಲ್ಲಿ ಸೇರಿವೆ. ಆದರೆ ಬಂದದ್ದು ಒಂದೇ ಒಲೆಯಿಂದ.

ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು 2004ರಲ್ಲೇ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುವೆಂದು ಮೊದಲ ಪಟ್ಟಿಗೆ ಸೇರಿಸಿತು. ಮೂಗಿನ ಹಿಂಬದಿಯ ಗಂಟಲ ಕ್ಯಾನ್ಸರ್ ಮೊದಲು, ಮುಂದೆ 2009ರಲ್ಲಿ ರಕ್ತ ಕ್ಯಾನ್ಸರ್ ಕೂಡ ಅದರ ಲೆಕ್ಕಕ್ಕೆ ಬಂತು. ಕಟ್ಟಿಗೆ-ಕುಳ್ಳಿನ ಮನೆಹೊಗೆಯನ್ನು "ಬಹುಮಟ್ಟಿಗೆ ಕ್ಯಾನ್ಸರ್ ತರುವಂಥದ್ದು" ಎಂಬ ಎರಡನೆಯ ಪಟ್ಟಿಯಲ್ಲಿ ಇಟ್ಟಿದೆ.

ಇದಕ್ಕೆ ಮದ್ದು ನಮ್ಮ ರಾಜ್ಯದಲ್ಲೇ ಹುಟ್ಟಿತ್ತು ಎಂಬುದನ್ನು ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಕಟ್ಟಿಗೆ ಕಡಿಮೆ, ಹೊಗೆ ಕೊಳವೆಯ ಮೂಲಕ ಮಾಡು ದಾಟಿ ಹೊರಗೆ. ಹಳೆಯ ಕಾಲದ ಮಾತು ಎಂದು ಮೂಲೆಗೆ ತಳ್ಳಿದರೂ, ಕಟ್ಟಿಗೆ ಸುಡುವ ಮನೆ ಇರುವ ತನಕ ಹೊಗೆಕೊಳವೆಯ ಬುದ್ಧಿ ಹಳೆಯದಾಗುವುದಿಲ್ಲ.

ಮಿರ್ಚಿ ಕಡಾಯಿಯ ಕಡೆಗೆ

ಗದಗಿನ ಮಿರ್ಚಿ ಭಜಿ ತಿನ್ನದವ ಗದಗ ನೋಡಿಲ್ಲ ಎನ್ನುತ್ತಾರೆ. ಗಿರ್ಮಿಟ್ಟಿಗೆ ಜೋಡಿ ಅದೇ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಸ್ ಸ್ಟ್ಯಾಂಡಿನ ಸುತ್ತಲೂ ಸಂಜೆಯಾದರೆ ಕಡಾಯಿ ಏರುತ್ತದೆ. ತಿನ್ನುವವರ ಬಾಯಿಗೆ ಅಡ್ಡ ಬರುವ ಉದ್ದೇಶ ಈ ಬರಹಕ್ಕಿಲ್ಲ. ಒಂದು ಪ್ಲೇಟು ಮಿರ್ಚಿ ತಿಂದರೆ ಕ್ಯಾನ್ಸರ್ ಬರುತ್ತದೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಮಾತು ಇರುವುದು ಎಣ್ಣೆಯದು, ಅದಕ್ಕಿಂತ ಹೆಚ್ಚಾಗಿ ಎಣ್ಣೆಯ ಮುಂದೆ ನಿಂತವನದು.

ಎಣ್ಣೆ ಅಂದರೆ ಒಂದು ಗ್ಲಿಸರಿನ್ ಕಣಕ್ಕೆ ಮೂರು ಕೊಬ್ಬಿನ ಬಾಲ. ಅತಿಯಾಗಿ ಕಾದಾಗ ಬಾಲ ಕಳಚುತ್ತದೆ, ಗ್ಲಿಸರಿನ್ ನೀರು ಕಳೆದುಕೊಂಡು ಅಕ್ರೋಲಿನ್ ಆಗುತ್ತದೆ. ಕಳಚಿದ ಬಾಲಗಳೂ ಗಾಳಿಯ ಸಂಗಡ ಕೂಡಿ ಒಡೆದು ಬೇರೆ ಬೇರೆ ಆಲ್ಡಿಹೈಡುಗಳಾಗುತ್ತವೆ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಹೃದಯಕ್ಕೆ ಒಳ್ಳೆಯದೆಂದು ಹೆಸರಾದ ಕುಸುಬಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಬೇಗ ಒಡೆಯುವ ಕೊಬ್ಬು ಹೆಚ್ಚು. ಒಗ್ಗರಣೆಗೆ, ಪಲ್ಯಕ್ಕೆ ಅವು ಚೊಲೊ. ಆದರೆ ತಾಸುಗಟ್ಟಲೆ ಕುದಿಸಿ ಕರಿಯಲು ನಿಂತರೆ ಅವುಗಳಿಂದಲೇ ಹೆಚ್ಚು ಆಲ್ಡಿಹೈಡ್ ಬರುತ್ತದೆ. ಶೇಂಗಾ ಎಣ್ಣೆ ಕಾವಿಗೆ ಅದಕ್ಕಿಂತ ಮಿಗಿಲಾಗಿ ತಡೆಯುತ್ತದೆ. ಹಿರಿಯರು ಕರಿಯಲು ಶೇಂಗಾ ಎಣ್ಣೆ ಇಟ್ಟುಕೊಂಡದ್ದರಲ್ಲಿ ಅರ್ಥವಿತ್ತು.

ಯಾವ ಎಣ್ಣೆಯೇ ಆಗಲಿ, ನಿನ್ನೆಯದಕ್ಕೆ ಇವತ್ತಿನದು ಸುರಿದು, ನಾಳೆ ಅದಕ್ಕೆ ಮತ್ತಷ್ಟು ಕೂಡಿಸಿದರೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ. ಬಣ್ಣ ಕಪ್ಪು, ಮೇಲೆ ಬುರುಗು, ಕೈಗೆ ಅಂಟಂಟು, ಬೇಗನೆ ಹೊಗೆ. ಕಾನೂನು ಇದಕ್ಕೂ ಇದೆ. ಕೆಟ್ಟ ಎಣ್ಣೆಯ ಅಳತೆಯಾದ ಧ್ರುವೀಯ ವಸ್ತುಗಳು ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸಕೂಡದು ಎಂಬ ನಿಯಮ 2018ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಯಲ್ಲಿದೆ. ಬಳಸಿದ ಎಣ್ಣೆಯನ್ನು ಕೂಡಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯನ್ನೂ ಆಹಾರ ಸುರಕ್ಷತಾ ಪ್ರಾಧಿಕಾರವು ಅದೇ ವರ್ಷ ಶುರುಮಾಡಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕು. ಆದರೆ ಕೈಗಾಡಿಯವ ಸುಡುವುದು ನಾಲ್ಕೈದು ಲೀಟರು. ಅವನ ಕಡಾಯಿಯ ತನಕ ಈ ಯೋಜನೆ ಇಳಿಯುವುದು ಹೇಗೆ? ಉಳಿದ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಿದರೆ ಅವನಿಗೆ ಲುಕ್ಸಾನು, ಚೆಲ್ಲದಿದ್ದರೆ ಗಿರಾಕಿಗೆ ಲುಕ್ಸಾನು. ಆ ಎಣ್ಣೆಗೆ ನಾಲ್ಕು ಕಾಸು ಕೊಟ್ಟು ಒಯ್ಯುವವರು ಬಜಾರಕ್ಕೆ ಬಂದರೆ ಇಬ್ಬರಿಗೂ ಲಾಭ.

ಗಿರಾಕಿ ತಿಂದು ಹೋಗುತ್ತಾನೆ. ಕರಿಯುವವ ಹೋಗುವುದಿಲ್ಲ. ಅವನ ಮುಖದ ಮುಂದೆ ದಿನಕ್ಕೆ ಐದು ತಾಸು, ವರ್ಷಕ್ಕೆ ಮುನ್ನೂರು ದಿನ ಆ ಹೊಗೆ ಏಳುತ್ತದೆ. ಬೀಡಿ-ಸಿಗರೇಟು ಮುಟ್ಟದ, ಆದರೆ ವರ್ಷಗಟ್ಟಲೆ ಕುದಿಯುವ ಎಣ್ಣೆಯ ಹೊಗೆ ಕುಡಿದ ಚೀನಾ, ತೈವಾನಿನ ಹೆಂಗಸರಲ್ಲಿ ಪುಪ್ಪುಸದ ಕ್ಯಾನ್ಸರ್ ಹೆಚ್ಚು ಕಂಡಿದೆ. ಅಂಥ ಹೊಗೆಯೂ ಎರಡನೆಯ ಪಟ್ಟಿಯಲ್ಲಿದೆ. 2020ರಲ್ಲಿ ಅಕ್ರೋಲಿನ್ ಕೂಡ ಅದೇ ಪಟ್ಟಿಗೆ ಏರಿತು.

ಬಾಟ್ಲಿ ಮತ್ತು ಬೀಡಿ

ಸೆರೆಯ ಮಾತಿಗೆ ಬಂದರೆ ಈ ರಾಜ್ಯ ದುಬಾರಿ ಪಾಠ ಕಲಿತಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತದ್ದು ಮಿಥೈಲ್ ಆಲ್ಕೋಹಾಲು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಮತ್ತೆ ಕಳ್ಳಭಟ್ಟಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಮಿಥೈಲ್ ಆಲ್ಕೋಹಾಲು ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಅದು ಕೂಡಲೇ ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣಿನ ನರ ಸುಡುವುದು, ಜೀವ ತೆಗೆಯುವುದು ಆ ಆಮ್ಲ. ಕುಡಿದ ಕೆಲ ತಾಸಿನ ಮೇಲೆ "ಕಣ್ಣಮುಂದ ಮಂಜು ಕವದಂಗಾತು" ಎಂದರೆ ಮಲಗಿಸಿ ಮಜ್ಜಿಗೆ ಕುಡಿಸುತ್ತಾ ಕೂಡುವ ಹೊತ್ತಲ್ಲ ಅದು. ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಯಕೃತ್ತಿನ ಆ ಕೆಲಸವನ್ನು ತಡೆಯುವ ಔಷಧ ಡಾಕ್ಟರರ ಬಳಿ ಇದೆ.

ಇದು ತಟ್ಟನೆ ಕೊಲ್ಲುವ ಕತೆ. ಅಂಗಡಿಯ ಸೆರೆಯದು ಮೆಲ್ಲಗೆ ಕೊಲ್ಲುವ ಕತೆ. ಸರಕಾರದ ಮುದ್ರೆ ಇದ್ದ ಬಾಟ್ಲಿಯೂ ದೇಹದೊಳಗೆ ಮೊದಲು ಅಸಿಟಾಲ್ಡಿಹೈಡ್ ಆಗಿಯೇ ಆಗುತ್ತದೆ. ಯಕೃತ್ತಿನಲ್ಲಷ್ಟೇ ಅಲ್ಲ, ಬಾಯಲ್ಲಿರುವ ಸೂಕ್ಷ್ಮಜೀವಿಗಳೂ ಅಲ್ಲೇ ಅದನ್ನು ಮಾಡುತ್ತವೆ. ಬಾಯಿ, ಗಂಟಲು, ಅನ್ನನಾಳಕ್ಕೆ ಪೆಟ್ಟು ಬೀಳುವುದಕ್ಕೆ ಇದು ದೊಡ್ಡ ಕಾರಣ. ಸೆರೆಯಿಂದ ಹುಟ್ಟುವ ಅಸಿಟಾಲ್ಡಿಹೈಡ್ 2009ರಲ್ಲಿ ಮೊದಲ ಪಟ್ಟಿಗೆ ಸೇರಿತು. ಚೀನಾ, ಜಪಾನ್ ಕಡೆಯ ಅನೇಕರಿಗೆ ಇದನ್ನು ತೊಳೆಯುವ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಎರಡು ಗುಟುಕಿಗೆ ಮುಖ ಕೆಂಪಗಾಗುತ್ತದೆ. ನಮ್ಮ ಕಡೆ ಆ ದೋಷ ವಿರಳ. ಹಾಗೆಂದು ನಮ್ಮ ಕಾವಲಿಗೆ ಎಷ್ಟು ಸುರಿದರೂ ತಾಳುವ ಶಕ್ತಿಯಿದೆ ಎಂದಲ್ಲ. ಕೆರೆ ಎಷ್ಟೇ ದೊಡ್ಡದಿರಲಿ, ಕೋಡಿ ಬೀಳುವ ಮಟ್ಟ ಒಂದಿರುತ್ತದೆ.

ಸೆರೆಯ ಸಂಗಡ ಬೀಡಿ ಸೇರಿದರೆ ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ತಂಬಾಕಿನ ಹೊಗೆಯಲ್ಲಿ ಮೂವರೂ ಆಲ್ಡಿಹೈಡುಗಳಿವೆ. ತಂಬಾಕು ಜಗಿಯುವುದರ ವಿಷ ಮುಖ್ಯವಾಗಿ ಬೇರೆ ಜಾತಿಯದು. ಆದರೂ ಅದು ಸೇರುವ ಊರು ಅದೇ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ದಾರಿ ಎಲ್ಲರಿಗೂ ಒಂದೇ.

2017ರಲ್ಲಿ ಕೇಂಬ್ರಿಜ್‌ನ ಅಶೋಕ ವೆಂಕಿಟರಾಮನ್ ಅವರ ತಂಡ ಇನ್ನೊಂದು ಮಾತು ಕಂಡುಹಿಡಿಯಿತು. ಈ ಆಲ್ಡಿಹೈಡುಗಳು ಎಳೆಯನ್ನು ಕೆಡಿಸುವುದಷ್ಟೇ ಅಲ್ಲ, ರಿಪೇರಿ ಮಾಡುವ ಪ್ರೋಟೀನನ್ನೂ ಹಾಳು ಮಾಡುತ್ತವೆ. ಸ್ತನ ಕ್ಯಾನ್ಸರಿನ ಸಂಗಡ ಹೆಸರು ಕೇಳುವ ಬಿ.ಆರ್.ಸಿ.ಎ.-2 ಎಂಬುದೇ ಆ ರಿಪೇರಿಗಾರ. ಮನೆತನದಿಂದ ಒಂದು ಪ್ರತಿ ಕೆಟ್ಟೇ ಬಂದವರಲ್ಲಿ ಉಳಿದೊಂದೂ ಸಾಲದಾಗುತ್ತದೆ. ಪ್ರಯೋಗಶಾಲೆಯ ಜೀವಕಣಗಳಲ್ಲಿ ಕಂಡದ್ದಿದು. ಆದರೂ ತಾಯಿಗೆ, ಅಕ್ಕ-ತಂಗಿಯರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದ ಮನೆಯವರು ಹೊಗೆ, ಸೆರೆಗಳಿಂದ ಮತ್ತಷ್ಟು ದೂರ ಇರುವುದಕ್ಕೆ ಇದು ಸಾಕಷ್ಟು ಕಾರಣ.

ಸೊಳ್ಳೆಬತ್ತಿ, ಫಾರ್ಮಾಲಿನ್

ರಾತ್ರಿ ಕಿಡಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚಿ ಮಕ್ಕಳನ್ನು ಮಲಗಿಸುವ ಮನೆ ಎಷ್ಟೋ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ, ಮಲೇಶಿಯಾದ ಬತ್ತಿಗಳನ್ನು ಸುಟ್ಟು ಅಳೆದರು. ಒಂದು ಬತ್ತಿಯಿಂದ ಹೊರಡುವ ಫಾರ್ಮಾಲ್ಡಿಹೈಡ್ 51 ಸಿಗರೇಟಿನಷ್ಟರ ತನಕ ಇರಬಹುದೆಂದು ಕಂಡಿತು. ಮನೆಯಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ ಎಂದು ಹೆಮ್ಮೆ ಪಡುವವರು ಒಂದು ಸಲ ಮೂಲೆಯ ಬತ್ತಿಯ ಕಡೆ ನೋಡಬೇಕು. ಸೊಳ್ಳೆಪರದೆಗೆ ಹೊಗೆಯಿಲ್ಲ.

2018ರಲ್ಲಿ ಕೇರಳದ ಗಡಿಯಲ್ಲಿ ಫಾರ್ಮಾಲಿನ್ ಹಾಕಿದ ಮೀನು ರಾಶಿರಾಶಿ ಸಿಕ್ಕಿತು. ಅದೇ ವರ್ಷ ಜುಲೈನಲ್ಲಿ ಗೋವಾ ಸರಕಾರ ಹೊರಗಿನ ಮೀನಿಗೆ ಕೆಲ ದಿನ ತಡೆ ಹಾಕಿತು. ಮೀನಿನ ಕಣ್ಣು ಮಂಕಾಗಿ, ಮೈ ಬಿರುಸಾಗಿ, ಆದರೂ ಮೀನಿನ ವಾಸನೆ ಇಲ್ಲ, ನೊಣ ಕೂಡುವುದಿಲ್ಲ ಎಂದರೆ ಸಂಶಯ ಪಡಬೇಕು.

ಇನ್ನು ಕೆಲಸದ ಜಾಗ. ರೇಷ್ಮೆ ಸಾಕುವವರು ಹುಳುಮನೆಯನ್ನು ರೋಗಮುಕ್ತ ಮಾಡಲು ಫಾರ್ಮಾಲಿನ್ ಸಿಂಪಡಿಸುವ ಪದ್ಧತಿ ರಾಜ್ಯದಲ್ಲಿ ಬಹುಕಾಲದಿಂದ ಬಂದದ್ದು. ಕೋಳಿಮರಿ ಮಾಡುವ ಕಡೆಯೂ ಅದರ ಹೊಗೆ ಹಾಕುತ್ತಾರೆ. ಮುಖಕ್ಕೆ ವಸ್ತ್ರ ಕಟ್ಟಿಕೊಂಡರೆ ಆಯಿತೆಂಬುದು ತಪ್ಪು ತಿಳುವಳಿಕೆ. ಅನಿಲ ಬಟ್ಟೆಯ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ಅದಕ್ಕೆಂದೇ ಮಾಡಿದ ಮುಖವಾಡ, ರಬ್ಬರ್ ಕೈಚೀಲ, ಕನ್ನಡಕ ಬೇಕು. ಸಾಧ್ಯವಿದ್ದಲ್ಲಿ ಬ್ಲೀಚಿಂಗ್ ಪೌಡರಿನಂಥ ಬದಲಿ ಔಷಧ ಬಳಸಬೇಕು. ಗದಗಿಗೆ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಇಂಥ ಯಾವ ಕಾಲೇಜಿನಲ್ಲೇ ಆಗಲಿ ಹೆಣ ಕೊಯ್ದು ಕಲಿಯುವ ಕೋಣೆಗೆ ಒಳ್ಳೆಯ ಗಾಳಿಯ ಏರ್ಪಾಡು ಇರಲೇಬೇಕು. ನಾಳೆ ನಮ್ಮ ಎದೆ ನೋಡುವ ಡಾಕ್ಟರರ ಎದೆಯೂ ಚೆನ್ನಾಗಿರಬೇಕಲ್ಲ.

ಕೈಯಲ್ಲಿರುವ ಉಪಾಯ

ದೊಡ್ಡ ಖರ್ಚಿನ ಮಾತೇನಲ್ಲ ಇದು. ಕಟ್ಟಿಗೆ ಒಣಗಿಸಿ ಸುಡುವುದು. ಒಲೆಯ ಮೇಲೆ ಬೆಳಕಿಂಡಿ ಬಿಡುವುದು, ಆದರೆ ಹೊಗೆಕೊಳವೆ ಹಾಕಿಸುವುದು. ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಒಲೆ ಮುಂದೆ ಕೂಡದಿರುವುದು. ಬಚ್ಚಲ ಒಲೆಯನ್ನು ಮನೆಯ ಹೊರಗೆ ಸಾಗಿಸುವುದು. ಎಣ್ಣೆಯಿಂದ ಹೊಗೆ ಏಳುವ ಮೊದಲೇ ಉರಿ ಇಳಿಸುವುದು, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿರುವುದು. ಗಾಡಿಯವ ಗಾಳಿಯ ದಿಕ್ಕು ನೋಡಿ ನಿಲ್ಲುವುದು, ಹೊಗೆ ಮುಖದ ಕಡೆ ಬರದಂತೆ ಗಾಡಿ ತಿರುಗಿಸುವುದು. ಹೊಸ ಬಟ್ಟೆ, ಅದರಲ್ಲೂ ಸುಕ್ಕು ಬೀಳದಂಥ ಬಟ್ಟೆ, ಒಮ್ಮೆ ತೊಳೆದು ಉಡುವುದು. ಹೊಸ ಪ್ಲಾಯ್‌ವುಡ್ ಕಪಾಟನ್ನು ಕೆಲದಿನ ಬಾಗಿಲು ತೆರೆದು ಗಾಳಿಗಿಡುವುದು.

ಮೂರು ವಾರ ದಾಟಿದ ಕೆಮ್ಮು, ಬಾಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ನುಂಗಲು ತ್ರಾಸು, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರರಿಗೆ ತೋರಿಸಬೇಕು. ಮೊದಲ ಹಂತದಲ್ಲಿ ಸಿಕ್ಕರೆ ಬಾಯಿಯ ಕ್ಯಾನ್ಸರೂ ವಾಸಿಯಾಗುವ ರೋಗವೇ.

ಉಳಿದದ್ದು ಕುರ್ಚಿಯ ಮೇಲೆ ಕುಂತವರ ಪಾಲಿಗೆ. ಕಟ್ಟಿಗೆ ಸುಡುವ ಮನೆ ಎಷ್ಟಿವೆ ಎಂದು ಗ್ರಾಮ ಪಂಚಾಯತಿಗಳು ಎಣಿಸಲಿ. ಸರಕಾರಿ ಮನೆ ಮಂಜೂರು ಮಾಡುವಾಗ ಸಂಡಾಸು ಕೇಳಿದ ಹಾಗೆ ಹೊಗೆಕೊಳವೆಯನ್ನೂ ಕೇಳಲಿ. ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ, ಮುಂಡರಗಿಯ ಪುರಸಭೆ, ಶಿರಹಟ್ಟಿಯ ಪಟ್ಟಣ ಪಂಚಾಯತಿಗಳು ಭಜಿ ಗಾಡಿಯವರಿಗೆ ಬರೇ ದಂಡ ಹಾಕುವ ಬದಲು ಬಳಸಿದ ಎಣ್ಣೆ ಕೂಡಿಸುವ ಒಂದು ಡಬ್ಬಿಯನ್ನು ಬಜಾರದಲ್ಲಿ ಇಡಿಸಲಿ. ಬಡವನ ಹೊಟ್ಟೆಗೂ ಪೆಟ್ಟು ಬೀಳಬಾರದು, ಎದೆಗೂ ಬೀಳಬಾರದು.

ಕಪ್ಪತಗುಡ್ಡವನ್ನು ಉಳಿಸಿಕೊಂಡ ಜನ ಇವರು. ಕಂಪನಿಯೊಂದನ್ನು ಹಿಂದಕ್ಕೆ ಕಳಿಸಿದ ಜನ. ಅಂಥವರಿಗೆ ಮಾಡಿನಲ್ಲಿ ಒಂದು ಕಿಂಡಿ ತೆಗೆಯುವುದು ದೊಡ್ಡ ಮಾತೇ? ಗುಡ್ಡದ ಗಾಳಿ ಊರ ಬಾಗಿಲಿಗೆ ಬಂದು ನಿಂತಿದೆ. ಅದು ಅವ್ವ ಕುಂತ ಒಲೆಯ ತನಕ ಬರಬೇಕಾಗಿದೆ, ಅಷ್ಟೇ. ಸಂಬಂಧಪಟ್ಟವರು ಇತ್ತ ಲಕ್ಷ್ಯ ಕೊಡುವರೇ?